ಕ್ರಿಕೆಟ್ ಋತುವೂ ಗದಾಯುದ್ಧವೂ

ಸಾಹಿತ್ಯದ ಪುಟದಲ್ಲಿ ಕ್ರಿಕೆಟ್ಟಿಗೇನು ಕೆಲಸ ಎಂದು ವಾಚಕರಲ್ಲಿ ಕೆಲವರಾದರೂ ಕೇಳಬಹುದು. ಅಂಥವರಿಗೆ ನನ್ನ ಅರಿಕೆ ಇಷ್ಟೆ: ನಾನಿಲ್ಲಿ ಪರಿಶೀಲಿಸಹೊರಟಿರುವುದು ಆಟವನ್ನಲ್ಲ, ಆಟದ ಕಥೆಯನ್ನು. ಬಾಯಿಂದ ಬಾಯಿಗೆ ಹಾಯ್ದು ಬಂದ ಕಥೆಗೂ ಒಂದು ಬಂಧವಿರುತ್ತದೆ. ಅದರಲ್ಲಿ ಯಾವುದನ್ನು ಉಳಿಸಿಕೊಂಡಿದ್ದೇವೆ, ಯಾವುದನ್ನು ಬಿಟ್ಟಿದ್ದೇವೆ ಎಂಬುದರಿಂದ ಹೇಳುವವರ ಮನಸ್ಸು ತಿಳಿಯುತ್ತದೆ. ಗರತಿಯ ಹಾಡನ್ನೂ ಲಾವಣಿಯನ್ನೂ ಕಾವ್ಯವೆಂದು ಒಪ್ಪಿಕೊಂಡಿರುವ ನಾವು, ಕನ್ನಡನಾಡು ಅರ್ಧ ಶತಮಾನದಿಂದ ಹೇಳಿಕೊಂಡು ಬಂದಿರುವ ಆಟದ ಕಥೆಯೊಂದನ್ನು ಬರಿಯ ಹರಟೆಯೆಂದು ಬದಿಗಿಡುವುದು ನ್ಯಾಯವಲ್ಲ.

ಆ ಕಥೆ 1973–74ರ ರಣಜಿ ಟ್ರೋಫಿಯದು. ನಾನು ಹುಟ್ಟುವ ಮೊದಲೇ ಮುಗಿದುಹೋದ ಋತು ಅದು. ಆದರೂ ಕಣ್ಣಾರೆ ಕಂಡವನಂತೆ ಅದನ್ನು ನಾನು ಬಲ್ಲೆ. ನನ್ನ ಓರಗೆಯ ಅನೇಕರು ಬಲ್ಲರು. ಇಂಡಿಯ ಚಹದಂಗಡಿಯಲ್ಲಿ ಕೇಳಿದರೂ ಸರಿ, ಮುದ್ದೇಬಿಹಾಳದ ಬಸ್ ನಿಲ್ದಾಣದಲ್ಲಿ ಕೇಳಿದರೂ ಸರಿ, ರೇಡಿಯೊಕ್ಕೆ ಕಿವಿ ಹಚ್ಚಿ ಬೆಳೆದ ಹಿರಿಯರೊಬ್ಬರು ಸಿಕ್ಕರೆ ಕಥೆ ಒಂದೇ ರೀತಿಯಲ್ಲಿ ಹೊರಡುತ್ತದೆ: ‘ಆವತ್ತ ವಾಡೇಕರ್ ಕಾಲು ಜಾರಿ ಬಿದ್ದನಲ್ರಿ...’ ಕಥೆಯ ಆರಂಭ ಅಲ್ಲಿಯೇ. ಬಹುಮಟ್ಟಿಗೆ ಮುಕ್ತಾಯವೂ ಅಲ್ಲಿಯೇ. ನನ್ನ ತಕರಾರು ಇರುವುದೂ ಅಲ್ಲಿಯೇ.

ಮೊದಲು ಸಂಗತಿಗಳನ್ನು ನೋಡೋಣ. ರಣಜಿ ಟ್ರೋಫಿ ಆರಂಭವಾದದ್ದು 1934ರಲ್ಲಿ. ಆ ವರ್ಷದ ನವೆಂಬರ್ 4ರಂದು ಮದರಾಸಿನ ಚೆಪಾಕ್ ಮೈದಾನದಲ್ಲಿ ಮೊಟ್ಟಮೊದಲ ಪಂದ್ಯವನ್ನಾಡಿದ ಎರಡು ತಂಡಗಳಲ್ಲಿ ಮೈಸೂರು ಒಂದು. ಪಂದ್ಯ ಒಂದೇ ದಿನದಲ್ಲಿ ಮುಗಿಯಿತು, ಸೋತದ್ದು ಮೈಸೂರು. ಅಲ್ಲಿಂದ ಮುಂದೆ ಮೈಸೂರು ತಂಡ 1941–42ರಲ್ಲಿಯೂ 1959–60ರಲ್ಲಿಯೂ ಅಂತಿಮ ಪಂದ್ಯಕ್ಕೆ ಏರಿತು. ಎರಡು ಸಲವೂ ಎದುರಾಳಿ ಮುಂಬಯಿ; ಎರಡು ಸಲವೂ ಸೋಲು. ಮುಂಬಯಿಯೋ 1958–59ರಿಂದ 1972–73ರವರೆಗೆ ಸತತವಾಗಿ 15 ವರ್ಷ ಟ್ರೋಫಿಯನ್ನು ಬೇರೆಯವರ ಮನೆಗೆ ಹೋಗಗೊಡಲಿಲ್ಲ. ಆ 15 ವರ್ಷಗಳಲ್ಲಿ ಹುಟ್ಟಿ ಬೆಳೆದ ಹುಡುಗನಿಗೆ ರಣಜಿ ಟ್ರೋಫಿ ಎಂದರೆ ಮುಂಬಯಿಯವರು ಗೆಲ್ಲುವ ಪಂದ್ಯಾವಳಿ ಎಂದೇ ಅರ್ಥವಾಗಿದ್ದರೆ ಆಶ್ಚರ್ಯವಿಲ್ಲ.

ಇನ್ನೊಂದು ಸಂಗತಿ ಹೆಸರಿನದು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದರೂ ರಾಜ್ಯದ ಹೆಸರು ಮೈಸೂರೆಂದೇ ಉಳಿಯಿತು. ಅದು ಕರ್ನಾಟಕವಾದದ್ದು 17 ವರ್ಷಗಳ ತರುವಾಯ, 1973ರ ನವೆಂಬರ್ 1ರಂದು. ಮೈಸೂರೆಂಬ ಹೆಸರಿನಲ್ಲಿ ಸುಮಾರು 40 ವರ್ಷ ಆಡಿ ಒಮ್ಮೆಯೂ ಗೆಲ್ಲದ ತಂಡ, ಕರ್ನಾಟಕವೆಂಬ ಹೆಸರು ಹೊತ್ತ ಋತುವಿನಲ್ಲಿಯೇ ಗೆದ್ದಿತು. ಪುರಾಣಕಾರನೊಬ್ಬನ ಕೈಗೆ ಸಿಕ್ಕಿದ್ದರೆ ಹೆಸರಿನ ಮಹಿಮೆಯನ್ನೇ ಒಂದು ಸಂಧಿಯಾಗಿ ಹಾಡುತ್ತಿದ್ದನು.

ಪಂದ್ಯಗಳ ಕ್ರಮವನ್ನೂ ನೆನೆಯಬೇಕು. ಮೊದಲು ದಕ್ಷಿಣ ವಲಯದೊಳಗೆ ಲೀಗ್. ಅಕ್ಕಪಕ್ಕದ ರಾಜ್ಯಗಳ ಕೂಡ ಒಂದೊಂದಾಗಿ ಆಡಿ ಅಂಕ ಕೂಡಿಸಬೇಕು. ಅದರಲ್ಲಿ ಮೇಲೆ ಬಂದವರಿಗೆ ಮಾತ್ರ ಮುಂದಿನ ಹಂತ; ಅಲ್ಲಿ ಸೋತವರು ಮನೆಗೆ. 1974ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಸೆಮಿಫೈನಲ್. ಎದುರಿಗೆ ಮುಂಬಯಿ. ಪ್ರಸನ್ನರ ನಾಯಕತ್ವದ ಕರ್ನಾಟಕ ಮೊದಲು ಆಡಿ 385 ಓಟ ಕೂಡಿಸಿತು. ಅದರಲ್ಲಿ ವಿಶ್ವನಾಥರದು 162, ಬ್ರಿಜೇಶ್ ಪಟೇಲರದು 106. ಮುಂಬಯಿ 307ಕ್ಕೆ ಮುಗಿಯಿತು. ಪಂದ್ಯ ಪೂರ್ತಿಯಾಗದಿದ್ದರೆ ಮೊದಲ ಇನ್ನಿಂಗ್ಸಿನಲ್ಲಿ ಮುಂದಿರುವವರೇ ಮುಂದಕ್ಕೆ ಎಂಬುದು ನಿಯಮ. 78 ಓಟಗಳ ಆ ಮುನ್ನಡೆಯೇ 15 ವರ್ಷಗಳ ಆಳ್ವಿಕೆಯನ್ನು ಮುಗಿಸಿತು. ಆಮೇಲೆ ಜಯಪುರದಲ್ಲಿ ಫೈನಲ್. ರಾಜಸ್ಥಾನದ ಮೇಲೆ 185 ಓಟಗಳ ಗೆಲುವು.

ಇಷ್ಟು ಸಂಗತಿಗಳಲ್ಲಿ ಬಾಯಿಮಾತಿನ ಕಥೆ ಉಳಿಸಿಕೊಂಡಿರುವುದು ಮೂರನ್ನು. ವಿಶ್ವನಾಥ್ ಕಣಕ್ಕಿಳಿದ ಕೂಡಲೆ ಅಬ್ದುಲ್ ಇಸ್ಮಾಯಿಲರ ಎಸೆತಕ್ಕೆ ಎಲ್‌ಬಿಡಬ್ಲ್ಯೂ ಆಗಬೇಕಿತ್ತು, ಅಂಪೈರು ಕೈ ಎತ್ತಲಿಲ್ಲ ಎಂಬುದು ಒಂದು. ಗಾವಸ್ಕರರು ಪ್ರಸನ್ನರ ಎಸೆತಕ್ಕೆ ಬೌಲ್ಡ್ ಆದದ್ದು ಎರಡು. ಚೆನ್ನಾಗಿ ಆಡುತ್ತಿದ್ದ ಮುಂಬಯಿಯ ನಾಯಕ ಅಜಿತ ವಾಡೇಕರ್ ಓಡುವಾಗ ಜಾರಿ, 62ಕ್ಕೆ ರನ್ ಔಟ್ ಆದದ್ದು ಮೂರು. ಈ ಮೂರರಲ್ಲಿಯೂ ಮೂರನೆಯದಕ್ಕೇ ಪಟ್ಟ. ಉಳಿದುದೆಲ್ಲ, ಲೀಗಿನ ಪಂದ್ಯಗಳು, ಪ್ರಯಾಣ, ದಿನವಿಡೀ ಬಿಸಿಲಲ್ಲಿ ನಿಂತ ದಣಿವು, ಕೊನೆಗೆ ಫೈನಲ್ ಕೂಡ, ಕಥೆಯ ಹೊರಗೆ ಉಳಿದಿವೆ. ಫೈನಲಿನಲ್ಲಿ ಗೆದ್ದದ್ದು ಯಾರ ಮೇಲೆ ಎಂದು ಕೇಳಿದರೆ ಹಿರಿಯರಲ್ಲಿಯೂ ಹಲವರು ತಡವರಿಸುವುದನ್ನು ನಾನು ಬಲ್ಲೆ.

ಕಥೆಯೆಂದ ಮೇಲೆ ಕಿರಿದಾಗಲೇಬೇಕಲ್ಲವೆ, ಎಲ್ಲವನ್ನೂ ಹೇಳುವುದು ಸಾಧ್ಯವೆ ಎಂದು ಕೇಳಬಹುದು. ನಿಜ. ಕಿರಿದಾಗಿಸುವುದೇ ದೋಷವಾಗಿದ್ದರೆ ನಮ್ಮ ಸೀಮೆಯ ಮಹಾಕವಿ ರನ್ನನನ್ನೇ ಮೊದಲು ದೂಷಿಸಬೇಕಾದೀತು. ಹಿಂದೆ ಅವಿಭಕ್ತ ಬಿಜಾಪುರ ಜಿಲ್ಲೆಯೊಳಗಿದ್ದ ಮುಧೋಳದ ಕವಿ ಅವನು. 18 ದಿನಗಳ ಭಾರತ ಯುದ್ಧದಲ್ಲಿ ಅವನು ಆರಿಸಿಕೊಂಡದ್ದು ಕೊನೆಯ ಗದಾಯುದ್ಧವನ್ನು ಮಾತ್ರ. ಆದರೆ ಸಿಂಹ ಮುಂದೆ ನಡೆಯುತ್ತ ಹಿಂದಿರುಗಿ ನೋಡುವಂತೆ, ಆ ಒಂದೇ ಕಾಳಗದ ನಿಲುವಿನಿಂದ ಹಿಂದಿನದನ್ನೆಲ್ಲ ನೋಡಿದನು. ಸಿಂಹಾವಲೋಕನ ಕ್ರಮವೆಂದು ನಾವು ತರಗತಿಯಲ್ಲಿ ಪಾಠ ಹೇಳುವುದು ಇದನ್ನೇ. ದುರ್ಯೋಧನ ಹೆಣಗಳ ನಡುವೆ ನಡೆದು ಬರುವಾಗ ದ್ರೋಣನೂ ಕರ್ಣನೂ ದುಶ್ಶಾಸನನೂ ಮತ್ತೆ ನಮ್ಮ ಕಣ್ಣಮುಂದೆ ಬಂದು ಹೋಗುತ್ತಾರೆ. ಒಂದು ದಿನದೊಳಗೆ 18 ದಿನವೂ ಅಡಗಿರುತ್ತದೆ.

ರಣಜಿಯ ನಮ್ಮ ಕಥೆಯೂ ಗದಾಯುದ್ಧವನ್ನೇ ಆರಿಸಿಕೊಂಡಿದೆ. ಆದರೆ ಹಿಂದಿರುಗಿ ನೋಡುವುದನ್ನು ಮರೆತಿದೆ. ಸಿಂಹವುಂಟು, ಅವಲೋಕನವಿಲ್ಲ. ಭೀಮನ ಗದೆ ದುರ್ಯೋಧನನ ತೊಡೆಗೆ ತಾಗಿತು ಎಂಬಲ್ಲಿಗೆ ರನ್ನ ಕಾವ್ಯ ಮುಗಿಸಿ, ಅದಕ್ಕೆ ಹಿಂದೆ ಏನೂ ಇರಲಿಲ್ಲವೆಂಬಂತೆ ಬರೆದಿದ್ದರೆ ಅದು ಗರಡಿಮನೆಯ ಸುದ್ದಿಯಾಗುತ್ತಿತ್ತೇ ಹೊರತು ಕಾವ್ಯವಾಗುತ್ತಿರಲಿಲ್ಲ.

ಈ ಮರೆವಿನಿಂದ ಆದ ಮೊದಲನೆಯ ಕೇಡು, ಕಾರಣದ ಸ್ಥಾನದಲ್ಲಿ ಅದೃಷ್ಟ ಬಂದು ಕುಳಿತದ್ದು. ಲೆಕ್ಕವನ್ನೇ ತೆಗೆದುಕೊಳ್ಳೋಣ. 385ರಲ್ಲಿ 268 ಓಟಗಳನ್ನು ಇಬ್ಬರೇ ಗಳಿಸಿದ್ದಾರೆ. ಎಂದರೆ ಹತ್ತರಲ್ಲಿ ಏಳು ಪಾಲು. ಭದ್ರಾವತಿಯಲ್ಲಿ ಹುಟ್ಟಿದ ಕಿರುಗಾತ್ರದ ವಿಶ್ವನಾಥರು ದೇಶದ ಅತಿ ಬಲಿಷ್ಠ ತಂಡದೆದುರು 162 ಗಳಿಸಿದ್ದು ಯಾರ ಕಾಲೂ ಜಾರಿದ್ದರಿಂದಲ್ಲ. ಮೊದಲ ಎಸೆತದ ವದಂತಿ ನಿಜವೆಂದೇ ಇಟ್ಟುಕೊಂಡರೂ ಆಮೇಲಿನ ಗಂಟೆಗಳನ್ನು ಆಡಿದವರು ಅವರೇ. ಬಾಲ್ಯದಲ್ಲಿ ಪೋಲಿಯೊ ತಗಲಿ ಸೊರಗಿದ ಬಲಗೈಯಿಂದಲೇ ಚಂದ್ರಶೇಖರರು ಚೆಂಡು ತಿರುಗಿಸುವುದನ್ನು ಕಲಿತದ್ದು, ಎಂಜಿನಿಯರಿಂಗ್ ಓದಿದ ಪ್ರಸನ್ನರು ಆಟಗಾರನ ಮನಸ್ಸನ್ನು ಅಳೆದು ಚೆಂಡನ್ನು ಗಾಳಿಯಲ್ಲಿ ತೂಗಿಬಿಡುವುದನ್ನು ಸಾಧಿಸಿದ್ದು, ಇವು ಒಂದು ಮಧ್ಯಾಹ್ನದ ಕೆಲಸಗಳಲ್ಲ. ವಾಡೇಕರ್ ಜಾರಿದ್ದು ಒಂದು ವಿಕೆಟ್ಟಿಗೆ ಕಾರಣ. ಉಳಿದವುಗಳಿಗೂ ಕಾರಣಗಳುಂಟು, ಕಥೆ ಅವುಗಳ ಗೊಡವೆಗೆ ಹೋಗಲಿಲ್ಲ.

ಕಾಯಕವೆಂಬ ಮಾತಿಗೆ ತೂಕ ತಂದ ಬಸವಣ್ಣನವರ ಊರು ನಮ್ಮ ಜಿಲ್ಲೆಯ ಬಸವನ ಬಾಗೇವಾಡಿ. ಲೀಗ್ ಎಂಬುದು ಆಟದೊಳಗಿನ ಕಾಯಕ. ಅಲ್ಲಿ ಒಂದು ದಿನದ ಅಬ್ಬರಕ್ಕಿಂತ ಹಲವು ದಿನಗಳ ದುಡಿಮೆಗೆ ಬೆಲೆ. ಇಂದು ಕಳೆದುಕೊಂಡ ಅಂಕವನ್ನು ಮುಂದಿನ ವಾರ ಇನ್ನೊಂದು ಊರಿನಲ್ಲಿ ದುಡಿದು ತುಂಬಬೇಕು. ಕೂರಿಗೆ ಹೂಡುವುದರಿಂದ ರಾಶಿ ಮಾಡುವವರೆಗೆ ಒಕ್ಕಲುತನದ ದುಡಿಮೆಯನ್ನು ಬಲ್ಲ ನಮ್ಮ ಎರೆಸೀಮೆಯ ಜನಕ್ಕೆ ಇದು ಬಹುಬೇಗ ಅರ್ಥವಾಗಬೇಕಾದ ಸಂಗತಿ. ರಾಶಿಯ ದಿನವನ್ನಷ್ಟೇ ಬಣ್ಣಿಸಿ, ಬಿತ್ತಿದ್ದನ್ನೂ ಎಡೆ ಹೊಡೆದದ್ದನ್ನೂ ಬಿಟ್ಟರೆ ಒಕ್ಕಲಿಗ ನಕ್ಕಾನು. ಆಟದ ಕಥೆಯಲ್ಲಿ ಮಾತ್ರ ಅದನ್ನೇ ನಾವು ಮೆಚ್ಚಿ ತಲೆದೂಗುತ್ತೇವೆ.

ಎರಡನೆಯ ಕೇಡು ಎದುರಾಳಿಗೆ ಆದದ್ದು. ರನ್ನನ ದುರ್ಯೋಧನ ಬರಿಯ ಖಳನಲ್ಲ. ಸತ್ತು ಬಿದ್ದ ವೈರಿಯ ಮಗ ಅಭಿಮನ್ಯುವಿನ ಪರಾಕ್ರಮಕ್ಕೆ ಕೈಮುಗಿಯಬಲ್ಲ ಮನುಷ್ಯ. ಆ ಪಾತ್ರದಲ್ಲಿ ದುರಂತ ನಾಯಕನನ್ನು ಕಂಡ ಬಿ.ಎಂ.ಶ್ರೀ.ಯವರು ಅದನ್ನು ನಾಟಕವಾಗಿ ರೂಪಿಸಿದರು. ಎದುರಾಳಿ ದೊಡ್ಡವನಾದಷ್ಟೂ ಗೆಲುವು ದೊಡ್ಡದೆಂಬುದು ಕಾವ್ಯದ ಹಳೆಯ ನಿಯಮ. ನಮ್ಮ ಕಥೆಯಲ್ಲಿ ವಾಡೇಕರ್ ನಗೆಪಾಟಲಿನ ಪಾತ್ರ. ಆದರೆ ಆ ಮನುಷ್ಯ ಯಾರು? 1971ರಲ್ಲಿ ಭಾರತ ತಂಡವನ್ನು ಮೊದಲ ಸಲ ವೆಸ್ಟ್ ಇಂಡೀಸಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ ಟೆಸ್ಟ್ ಸರಣಿ ಗೆಲ್ಲಿಸಿ ತಂದ ನಾಯಕ. ಬೆಂಗಳೂರಿನಲ್ಲಿ ಜಾರಿದ ಅದೇ ವರ್ಷದ ಬೇಸಗೆಯಲ್ಲಿ ಇಂಗ್ಲೆಂಡಿನ ನೆಲದ ಮೇಲೆ ಮೂರಕ್ಕೆ ಮೂರೂ ಟೆಸ್ಟ್ ಸೋತರು, ನಾಯಕತ್ವವೂ ಕೈಬಿಟ್ಟಿತು. ಮೂರು ವರ್ಷದೊಳಗಿನ ಈ ಏರಿಳಿತದಲ್ಲಿ ದುರಂತದ ವಸ್ತು ಇದೆ. ಅದನ್ನು ಕಾಣದೆ ನಾವು ಜಾರಿದ ಕಾಲನ್ನಷ್ಟೇ ಕಂಡೆವು. ಇದು ರಸಿಕತೆಯ ಕೊರತೆ.

ಮೂರನೆಯ ಕೇಡು ಇನ್ನೂ ದೊಡ್ಡದು. ಫೈನಲಿನಲ್ಲಿ ಎದುರಾದ ರಾಜಸ್ಥಾನವನ್ನು ಕಥೆ ಪೂರ್ತಿಯಾಗಿ ಕೈಬಿಟ್ಟಿದೆ. 1960–61ರಿಂದ 1969–70ರವರೆಗಿನ ಹತ್ತು ಋತುಗಳಲ್ಲಿ ರಾಜಸ್ಥಾನ ಏಳು ಸಲ ಫೈನಲ್ ತಲುಪಿತ್ತು. ಏಳು ಸಲವೂ ಮುಂಬಯಿಗೆ ಸೋತಿತ್ತು. ನಾವು ಎರಡು ಸಲ ಉಂಡ ನೋವನ್ನು ಅವರು ಏಳು ಸಲ ಉಂಡಿದ್ದರು. ಕೊನೆಗೊಮ್ಮೆ ಮುಂಬಯಿ ದಾರಿಯಿಂದ ಸರಿದು, ತಮ್ಮದೇ ಜಯಪುರದಲ್ಲಿ ಫೈನಲ್ ನಡೆದಾಗ, ಅವರ ಹಾಗೆಯೇ ಕಾದು ಕಾದು ಬಂದ ಇನ್ನೊಂದು ತಂಡ ಎದುರಿಗೆ ನಿಂತಿತ್ತು! ಹಸಿದವನ ಎದುರು ಹಸಿದವನು. ರಾಜಸ್ಥಾನಕ್ಕೆ ಟ್ರೋಫಿ ದೊರೆತದ್ದು 2010–11ರಲ್ಲಿ. ಎಂದರೆ ಮತ್ತೆ 37 ವರ್ಷ ಕಾಯಬೇಕಾಯಿತು. ಈ ಋತುವಿನ ಅತ್ಯಂತ ಕರುಣಾಪೂರ್ಣವಾದ ಭಾಗ ಇದು ಎಂದು ನನ್ನ ಅಭಿಪ್ರಾಯ. ಗೆದ್ದವರ ಸಂಭ್ರಮದಲ್ಲಿ ಅದಕ್ಕೆ ಒಂದು ಸಾಲಿನ ಎಡೆಯೂ ದೊರೆಯಲಿಲ್ಲ.

ಹಲವು ದಿನಗಳ ಚರಿತ್ರೆಯನ್ನು ಒಂದು ದಿನಕ್ಕೆ ಇಳಿಸುವ ಚಾಳಿ ಹೊಸದೇನಲ್ಲ. ಮುದ್ದೇಬಿಹಾಳದ ಕಡೆಯ ರಕ್ಕಸಗಿ, ತಂಗಡಗಿ ಎಂಬ ಹಳ್ಳಿಗಳು 1565ರ ಕಾಳಗಕ್ಕೆ ತಮ್ಮ ಹೆಸರನ್ನು ಕೊಟ್ಟಿವೆ. ಅಲ್ಲಿಗೆ ಹತ್ತಿರದ ತಾಳಿಕೋಟೆಯೂ ಕೊಟ್ಟಿದೆ. ವಿಜಯನಗರದ ಇಳಿಗಾಲವನ್ನೆಲ್ಲ ನಾವು ಆ ಒಂದು ದಿನದಲ್ಲಿ ಮುಗಿಸಿಬಿಡುತ್ತೇವೆ. ಆ ಕಾಳಗದ ತರುವಾಯವೂ ಅರವೀಡು ಅರಸರು ಪೆನುಗೊಂಡೆಯಿಂದಲೂ ಚಂದ್ರಗಿರಿಯಿಂದಲೂ ಹಲವು ದಶಕ ಆಳಿದ್ದು, ಅದಕ್ಕೂ ಮೊದಲು ವರ್ಷಗಟ್ಟಲೆ ಸುಲ್ತಾನರೊಡನೆ ಕೂಡುವ, ಮುರಿಯುವ ರಾಜಕಾರಣ ನಡೆದದ್ದು ನಮ್ಮ ಬಾಯಿಮಾತಿನಲ್ಲಿ ಇಲ್ಲ. ಸೋಲನ್ನು ಹೀಗೆ ಹೇಳುವ ಅಭ್ಯಾಸ ಬಿದ್ದ ಮೇಲೆ ಗೆಲುವನ್ನೂ ಹಾಗೆಯೇ ಹೇಳುವುದು ಸಹಜ. ಎರಡರಲ್ಲಿಯೂ ಮನುಷ್ಯರ ಹೊಣೆ ಕಡಿಮೆಯಾಗಿ ಗಳಿಗೆಯ ಹೊಣೆ ಹೆಚ್ಚಾಗುತ್ತದೆ.

ಇನ್ನು ನಮ್ಮ ತಾಲೂಕುಗಳ ಮಾತು. ಈ ಕಥೆಯನ್ನು ಬೆಂಗಳೂರಿನವರು ಹೇಳುವುದಕ್ಕೂ ಇಂಡಿ, ಸಿಂದಗಿಯವರು ಹೇಳುವುದಕ್ಕೂ ಅಂತರವಿರಬೇಕಾಗಿತ್ತು. ಬೆಂಗಳೂರಿಗೆ ಮುಂಬಯಿ ಎಂದರೆ ಮೈದಾನದ ಎದುರಾಳಿ ಮಾತ್ರ. ನಮಗೋ ಅದು 1956ರವರೆಗೆ ರಾಜಧಾನಿ. ನಮ್ಮ ಅಜ್ಜಂದಿರ ಕಾಲದಲ್ಲಿ ಹೈಕೋರ್ಟು ಅಲ್ಲಿ, ಸರಕಾರದ ಹುಕುಂ ಬರುವುದು ಅಲ್ಲಿಂದ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗುವ ತನಕ ನಮ್ಮ ಕಡೆಯ ಪದವೀಧರರೆಲ್ಲ ಮುಂಬಯಿ ವಿಶ್ವವಿದ್ಯಾಲಯದ ಪದವೀಧರರೇ. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿ ದುಡಿಯಲು ಹೋಗುವ ದಾರಿಯೂ ಮಹಾರಾಷ್ಟ್ರದ ಕಡೆಗೇ. ಆ ಗುಳೆ ಇನ್ನೂ ನಿಂತಿಲ್ಲ. ಹೀಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟ, ಆದರೆ ಕನ್ನಡಕ್ಕೆ ತಕ್ಕ ಸ್ಥಾನ ಕೊಡದಿದ್ದ ಹಳೆಯ ರಾಜಧಾನಿಯನ್ನು ಹೊಸ ನಾಡು ಸೋಲಿಸಿತೆಂದರೆ, ಆ ಸಂತೋಷ ಸರಳವಾದದ್ದಲ್ಲ. ಅದರಲ್ಲಿ ಹೆಮ್ಮೆಯಿದೆ, ಋಣದ ನೆನಪಿದೆ, ಒಂದಿಷ್ಟು ಸಂಕೋಚವೂ ಇದೆ.

ಆ ಹೆಸರಿಗಾಗಿ ದುಡಿದವರಲ್ಲಿ ಅಗ್ರಗಣ್ಯರಾದ ಆಲೂರು ವೆಂಕಟರಾಯರು ಹುಟ್ಟಿದ್ದು ಬಿಜಾಪುರದಲ್ಲಿ, 1880ರಲ್ಲಿ. ‘ಕರ್ನಾಟಕ ಗತವೈಭವ’ ಬಂದದ್ದು 1917ರಲ್ಲಿ. ನಾಡು ಒಂದಾದದ್ದನ್ನು ಅವರು ಕಂಡರು. ಹೆಸರು ಬಂದದ್ದನ್ನು ಕಾಣಲಿಲ್ಲ, 1964ರಲ್ಲಿಯೇ ತೀರಿಕೊಂಡಿದ್ದರು. ಹೆಸರು ಬಂದ ಐದು ತಿಂಗಳೊಳಗೆ ಆ ಹೆಸರಿನ ತಂಡ ಮುಂಬಯಿಯನ್ನು ದಾಟಿತೆಂಬ ಸುದ್ದಿ ಅವರ ಹುಟ್ಟೂರನ್ನು ಮುಟ್ಟಿದಾಗ ಅದರ ಅರ್ಥ ಬೆಂಗಳೂರಿನಲ್ಲಿದ್ದುದಕ್ಕಿಂತ ಬೇರೆ ಆಗಿರಲೇಬೇಕು. ಆದರೆ ನಮ್ಮ ಹಿರಿಯರು ಹೇಳುವ ಕಥೆಯಲ್ಲಿ ಆ ಬೇರೆತನ ಎಲ್ಲಿದೆ? ಅವರೂ ಬೆಂಗಳೂರಿನ ಕಥೆಯನ್ನೇ, ಬೆಂಗಳೂರಿನ ಕ್ರಮದಲ್ಲಿಯೇ, ಧಾಟಿಯನ್ನು ಮಾತ್ರ ನಮ್ಮ ಕಡೆಯದಾಗಿಸಿ ಹೇಳುತ್ತಾರೆ. ಗೆಲುವನ್ನು ಎರವಲು ತಂದಿದ್ದರೆ ಚಿಂತೆಯಿಲ್ಲ. ಕಥೆಯನ್ನೂ ಎರವಲು ತಂದೆವು.

ಆ ಗೆಲುವು ಎರವಲು ಹೌದೋ ಅಲ್ಲವೋ ಎಂಬ ಪ್ರಶ್ನೆಯನ್ನೂ ಮುಖಾಮುಖಿಯಾಗಿ ಕೇಳಬೇಕು. ಇಲ್ಲಿ ಐರ್ಲೆಂಡಿನ ಹರ್ಲಿಂಗ್ ಎಂಬ ಆಟದ ನೆನಪು ಸಹಾಯಕ್ಕೆ ಬರುತ್ತದೆ. ಮರದ ಬಾಗುಕೋಲಿನಿಂದ ತೊಗಲ ಚೆಂಡನ್ನು ಹೊಡೆಯುವ, ಬಹಳ ಹಳೆಯ ಆಟ ಅದು. ಅವರ ಪುರಾಣದ ವೀರ ಕೂಹುಲಿನ್ ಬಾಲಕನಾಗಿದ್ದಾಗ ಮೇಲೆ ಬಿದ್ದ ಬೇಟೆನಾಯಿಯನ್ನು ಕೊಂದದ್ದು ಇದೇ ಚೆಂಡುಕೋಲಿನಿಂದ. ನಮ್ಮ ಭಾರತದ ಹುಡುಗರು ಆಡುತ್ತಿದ್ದಾಗ ಬಾವಿಗೆ ಬಿದ್ದದ್ದನ್ನು ಮೇಲೆತ್ತಿಕೊಟ್ಟು ದ್ರೋಣ ಗುರುವಾಗಲಿಲ್ಲವೆ? ಹಾಗೆ. ಆಂಗ್ಲರ ಆಳ್ವಿಕೆಯಲ್ಲಿ ತಮ್ಮ ಆಟಗಳು ಅಳಿಯಬಾರದೆಂದು ಐರಿಷರು 1884ರಲ್ಲಿ ಥರ್ಲ್ಸ್ ಎಂಬ ಊರಿನಲ್ಲಿ ಒಂದು ಸಂಘ ಕಟ್ಟಿದರು. ಕಟ್ಟಿದ ದಿನ ನವೆಂಬರ್ 1! ಆ ಸಂಘದಡಿಯಲ್ಲಿ 1925–26ರಿಂದ ರಾಷ್ಟ್ರೀಯ ಲೀಗ್ ನಡೆಯಿತು. ಮೊದಲ ವರ್ಷ ಗೆದ್ದದ್ದು ಕಾರ್ಕ್ ಎಂಬ ಕೌಂಟಿ. 1934ರಿಂದ 1938ರವರೆಗೆ ಲಿಮರಿಕ್ ಕೌಂಟಿ ಸತತ ಐದು ಸಲ ಗೆದ್ದಿತು.

ಅಲ್ಲಿನ ವಿಶೇಷವೇನೆಂದರೆ, ಕೌಂಟಿಯ ತಂಡಕ್ಕೆ ಆಡುವವನು ಆ ಕೌಂಟಿಯ ಯಾವುದೋ ಹಳ್ಳಿಯ ಕ್ಲಬ್ಬಿನಲ್ಲಿ ಆಡಿ ಬೆಳೆದವನು. ಸಂಬಳವಿಲ್ಲ, ವಾರವಿಡೀ ಹೊಲದಲ್ಲೋ ಶಾಲೆಯಲ್ಲೋ ಕೆಲಸ, ಆದಿತ್ಯವಾರ ಆಟ. ಆದ್ದರಿಂದ ಲೀಗಿನ ಒಂದು ಋತು ಎಂದರೆ ನೆರೆಮನೆಯ ಹುಡುಗನ ಒಂದು ವರ್ಷ. ಅವನು ಯಾವ ಪಂದ್ಯದಲ್ಲಿ ಕುಂಟಿದ, ಯಾವುದರಲ್ಲಿ ತಪ್ಪಿದ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ; ಕಥೆ ತಾನಾಗಿಯೇ ಉದ್ದವಾಗುತ್ತದೆ. ನಮ್ಮ 1973–74ರ ಋತುವಿನಲ್ಲಿ ಮೆರೆದ ಹೆಸರುಗಳಾದ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್, ಪಟೇಲ್, ಕಿರ್ಮಾನಿ, ವಿಜಯಕೃಷ್ಣ ಇವರೆಲ್ಲರೂ ಬೆಂಗಳೂರಿನ ಕ್ರಿಕೆಟ್ಟಿನಲ್ಲಿ ಪಳಗಿದವರು. ಅವರ ದೈನಂದಿನ ದುಡಿಮೆ ನಮ್ಮ ಕಣ್ಣಿಗೆ ಬೀಳಲಿಲ್ಲ. ನಮಗೆ ತಲುಪಿದ್ದು ರೇಡಿಯೊದ ಗದ್ದಲ ಮತ್ತು ಮರುದಿನದ ಪತ್ರಿಕೆ. ಕಥೆ ಕಿರಿದಾದದ್ದಕ್ಕೆ ದೂರವೂ ಒಂದು ಕಾರಣವೆಂದು ಒಪ್ಪಬೇಕು.

ಆದರೂ ಗೆಲುವು ಎರವಲಲ್ಲವೆಂದೇ ನನ್ನ ತೀರ್ಮಾನ. ಹೆಸರಿಗಾಗಿ ನಾವು ತೆತ್ತ ಬೆಲೆ ಕಡಿಮೆಯದಲ್ಲ. ಆ ಹೆಸರಿನ ಗೆಲುವಿನಲ್ಲಿ ನಮಗೆ ಪಾಲುಂಟು. ದೂರವೂ ಮುಂದೆ ಒಂದಿಷ್ಟು ಕಡಿಮೆಯಾಯಿತು. ಗದುಗಿನ ಸುನೀಲ ಜೋಶಿ ಎಳೆಯ ವಯಸ್ಸಿನಲ್ಲಿ ನಸುಕಿಗೆದ್ದು ಹುಬ್ಬಳ್ಳಿಗೆ ಅಭ್ಯಾಸಕ್ಕೆ ಹೋಗಿ ಮರಳಿ ಬಂದು ಶಾಲೆ ಸೇರುತ್ತಿದ್ದರಂತೆ. ಕರ್ನಾಟಕ ಗೆದ್ದ 1995–96ರ ರಣಜಿ ಋತುವಿನಲ್ಲಿ ಅವರು 500ಕ್ಕೆ ಮೇಲ್ಪಟ್ಟು ಓಟಗಳನ್ನೂ 50ಕ್ಕೆ ಮೇಲ್ಪಟ್ಟು ವಿಕೆಟ್ಟುಗಳನ್ನೂ ಗಳಿಸಿದರು. 2014ರ ನವೆಂಬರ್ 1ರಿಂದ ವಿಜಯಪುರವೆನಿಸಿದ ನಮ್ಮದೇ ಬಿಜಾಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ಮೇಲೆ 15 ಓಟ ಕೊಟ್ಟು 5 ವಿಕೆಟ್ ಪಡೆದರು. ನಮ್ಮ ಕಾಲೇಜಿನ ಹೆಣ್ಣುಮಕ್ಕಳು ಆ ಮಾತನ್ನು ಹೇಳುವಾಗ ಮುಖ ಅರಳುತ್ತದೆ. ಆದರೆ ನೋಡಿ, ಇಲ್ಲಿಯೂ ಉಳಿದದ್ದು ಒಂದು ದಿನ, ಎರಡು ಅಂಕೆ. ಊರು ಹತ್ತಿರ ಬಂದರೂ ಕಥೆಯ ಬಂಧ ಬದಲಾಗಲಿಲ್ಲ. ಆದುದರಿಂದ ದೋಷ ದೂರದ್ದಷ್ಟೇ ಅಲ್ಲ, ಹೇಳಿಕೆಯದು.

ಹೇಳಿಕೆಯ ಮಾತು ಬಂದುದರಿಂದ ಭಾಷೆಯ ವಿಚಾರವನ್ನೂ ಮುಗಿಸುತ್ತೇನೆ. ನಮ್ಮ ಪತ್ರಿಕೆಗಳು ಕ್ರಿಕೆಟ್ಟಿಗೆ ಕನ್ನಡದ ಮಾತುಗಳನ್ನು ಟಂಕಿಸಲು ಪಟ್ಟ ಶ್ರಮ ಸ್ತುತ್ಯವಾದದ್ದು. ದಾಂಡಿಗ, ಎಸೆತ, ಓಟ, ಹುದ್ದರಿ ಇವು ಅಚ್ಚಿನಲ್ಲಿ ನೆಲೆನಿಂತಿವೆ. ಓಣಿಯ ಹುಡುಗರು ‘ಹುದ್ದರಿ’ ಎನ್ನುವುದಿಲ್ಲ, ‘ವಿಕೆಟ್’ ಎಂದೇ ಅನ್ನುತ್ತಾರೆ ಎಂಬ ಆಕ್ಷೇಪಣೆ ಹಳೆಯದು. ನನಗೆ ಅದು ಮುಖ್ಯವೆಂದೂ ತೋರುವುದಿಲ್ಲ. ನಾಮಪದ ಎಲ್ಲಿಂದ ಬಂದರೂ ಭಾಷೆ ತಾಳಿಕೊಳ್ಳುತ್ತದೆ. ಭಾಷೆಯ ಜೀವವಿರುವುದು ಕ್ರಿಯಾಪದದಲ್ಲಿ. ಪತ್ರಿಕೆಯ ವರದಿಯಲ್ಲಿ ಶತಕವನ್ನು ಯಾವಾಗಲೂ ‘ಸಿಡಿಸು’ತ್ತಾರೆ, ಗೆದ್ದವರು ‘ಜಯಭೇರಿ ಬಾರಿಸು’ತ್ತಾರೆ, ಸೋತವರು ‘ಮಣ್ಣು ಮುಕ್ಕು’ತ್ತಾರೆ. ವಿಶ್ವನಾಥರ 162ಕ್ಕೂ ಪಟೇಲರ 106ಕ್ಕೂ ಇರುವ ಗುಣಭೇದವನ್ನು ‘ಸಿಡಿಸಿದರು’ ಎಂಬ ಒಂದೇ ಮಾತು ಹೇಗೆ ತಿಳಿಸೀತು? ಒಬ್ಬರದು ಮಣಿಕಟ್ಟಿನ ನಯ, ಇನ್ನೊಬ್ಬರದು ತೋಳಿನ ಬಿರುಸು.

ಇದಕ್ಕೆ ಬದಲಾಗಿ ಸಿಂದಗಿಯ ಓಣಿಯೊಂದರಲ್ಲಿ ಆಟ ನೋಡುತ್ತಿರುವ ಹುಡುಗರ ಮಾತನ್ನು ಕೇಳಬೇಕು. ಬಾಲ್ ‘ಪುಟದ ಒಳಗ ಬಂತ’, ‘ಗಿರ್ರನ ತಿರಗತ’, ‘ಸರಕ್ಕನ ಜಾರತ’. ಹೊಡೆಯುವವನು ‘ಬಾಗಿ ಸವರಿದಾ’, ‘ಎತ್ತಿ ಒಗದಾ’, ‘ಹಗರಕ ಮುಟ್ಟಿಸಿ ಬಿಟ್ಟಾ’. ಹೆಸರುಗಳೆಲ್ಲ ಇಂಗ್ಲಿಷು, ಕ್ರಿಯೆಗಳೆಲ್ಲ ಅಚ್ಚಗನ್ನಡ! ಚಿಣಿಪಣಿಯಿಂದಲೂ ಹುತುತುವಿನಿಂದಲೂ ಗರಡಿಯಿಂದಲೂ ಬಂದ ಈ ಕ್ರಿಯಾಪದಗಳ ಸಂಪತ್ತು ಅಚ್ಚಿಗೆ ಬಂದದ್ದು ಕಡಿಮೆ. ಹಿರಿಯರ ಕಥೆ ಎಷ್ಟೇ ಕಿರಿದಾಗಿದ್ದರೂ ಕೇಳಲು ಸ್ವಾರಸ್ಯವಾಗಿರುವುದು ಈ ಕ್ರಿಯಾಪದಗಳಿಂದಲೇ. ಬಾಯಿಮಾತಿನಲ್ಲಿ ಜೀವವಿದೆ, ಉದ್ದವಿಲ್ಲ; ಅಚ್ಚಿನಲ್ಲಿ ಉದ್ದವಿದೆ, ಜೀವವಿಲ್ಲ. ಎರಡನ್ನೂ ಕೂಡಿಸುವ ಕೆಲಸ ಆಗಬೇಕು.

ಅಂಥ ಕೆಲಸಕ್ಕೆ ಮಾದರಿ ನಮ್ಮಲ್ಲಿಯೇ ಇದೆ. ಇಂಡಿ ತಾಲೂಕಿನಲ್ಲಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮುಂತಾದ ಗೆಳೆಯರು ಕಲೆತು, ಬೀಸುಕಲ್ಲಿನ ಮುಂದೆ ಹುಟ್ಟಿ ಅಲ್ಲಿಯೇ ಅಡಗುತ್ತಿದ್ದ ಹಾಡುಗಳನ್ನು ಬರೆದಿಟ್ಟುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಪ್ರಕಟವಾದಾಗ ಕನ್ನಡ ಕಾವ್ಯದ ಕಲ್ಪನೆಯೇ ಹಿಗ್ಗಿತು. ಅವರು ಹಾಡನ್ನು ತಿದ್ದಹೋಗಲಿಲ್ಲ, ಕಿವಿಗೊಟ್ಟು ಕೇಳಿದರು. ಅದೇ ಕಿವಿಯಿಂದ ಇಂದು ಯಾರಾದರೂ 1974ರ ಮಾರ್ಚನ್ನು ಬಲ್ಲ ಹಿರಿಯರ ಮುಂದೆ ಕುಳಿತು, ಕಾಲು ಜಾರಿದ ಗಳಿಗೆಯಲ್ಲಿಯೇ ಕಥೆ ನಿಲ್ಲಗೊಡದೆ, ‘ಅದಕ್ಕೂ ಮೊದಲ ಏನಾತ್ರಿ? ಆಮ್ಯಾಲೆ ಏನಾತ್ರಿ?’ ಎಂದು ಕೇಳಬೇಕು. ಆಗ ಯಾರ ಮನೆಯಲ್ಲಿ ರೇಡಿಯೊ ಇತ್ತು, ಯಾರ ಅಂಗಡಿಯ ಮುಂದೆ ಜನ ಕೂಡಿದರು, ಮುಂಬಯಿಯಲ್ಲಿ ಮಗ ದುಡಿಯುತ್ತಿದ್ದ ತಂದೆಗೆ ಆ ಗೆಲುವು ಹೇಗೆ ಕಂಡಿತು ಎಂಬುದೆಲ್ಲ ಹೊರಬಂದೀತು. ಅದು ಬೆಂಗಳೂರಿನ ಕಥೆಯ ನಕಲಾಗಿರುವುದಿಲ್ಲ. ನಮ್ಮ ನಾಲ್ಕು ತಾಲೂಕುಗಳದೇ ಆದ ರಣಜಿ ಕಥೆಯಾಗಿರುತ್ತದೆ. ಕೇಳಬೇಕಾದವರು ಬೇಗ ಕೇಳಬೇಕು. ಹೇಳುವವರ ವಯಸ್ಸು ಎಲ್ಲರಿಗೂ ಗೊತ್ತೇ ಇದೆ.

ಕರ್ನಾಟಕ ಆಮೇಲೆ 1977–78, 1982–83, 1995–96, 1997–98, 1998–99, 2013–14, 2014–15ರಲ್ಲಿಯೂ ರಣಜಿ ಟ್ರೋಫಿ ಗೆದ್ದಿತು. ಅವುಗಳಲ್ಲಿ ಯಾವುದೂ ಮೊದಲನೆಯದರಂತೆ ಕಥೆಯಾಗಿ ಉಳಿಯಲಿಲ್ಲ. ಮೊದಲನೆಯದರ ಬೆನ್ನಿಗೆ 40 ವರ್ಷಗಳ ಕಾಯುವಿಕೆ ಇತ್ತು. ಆ ಕಾಯುವಿಕೆಯೇ ಅದರ ನಿಜವಾದ ವಸ್ತು. ಅದನ್ನು ಬಿಟ್ಟು ಹೇಳಿದ ಕಥೆಯನ್ನು ಕೇಳಿ ಬೆಳೆದ ಹುಡುಗ, ಗೆಲುವು ಬರುವುದು ಎದುರಾಳಿ ಜಾರಿದಾಗ ಎಂದು ತಿಳಿದಾನು. ಪರೀಕ್ಷೆಗೂ ನೌಕರಿಗೂ ಬದುಕಿಗೂ ಹಾಗೆಯೇ ಕಾಯುತ್ತ ಕುಳಿತಿರುವ ಹುಡುಗರನ್ನು ನಾನು ದಿನವೂ ತರಗತಿಯಲ್ಲಿ ಕಾಣುತ್ತೇನೆ. ಅವರಿಗೆ ರನ್ನನ ಪಾಠ ಹೇಳುವಾಗ ಈ ಋತುವಿನ ಕಥೆಯನ್ನೂ ಹೇಳುವುದುಂಟು. ಅದಕ್ಕಾಗಿಯೇ ಅದು ಪೂರ್ತಿಯಾಗಿ, 18 ದಿನಗಳ ಸಮೇತ, ಬರೆಯಲ್ಪಡಬೇಕೆಂದು ನನ್ನ ಆಸೆ. ಬರೆಯುವವರು ವಾಡೇಕರರನ್ನು ಗೌರವದಿಂದ ನೋಡಲಿ. ಜಯಪುರದಲ್ಲಿ ಸೋತ ರಾಜಸ್ಥಾನಕ್ಕೂ ಒಂದೆರಡು ಪುಟಗಳನ್ನು ತಪ್ಪದೆ ಕೊಡಲಿ.